ಚೀನಾಕ್ಕೆ ಸಂಸಾರ ಸಮೇತ ಹೋಗುತ್ತೀರಾ? ಮೊದಲು ನಿಮ್ಮ ಹೆಸರಲ್ಲೊಂದು ಸಿಮ್ ತಗೊಳ್ಳಿ

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಗಂಡನಿಗೆ ಚೀನಾದ ಸುಝೌ ಊರಿನಲ್ಲಿ ಎರಡು ವರ್ಷದ ಕೆಲಸ, ನಾಲ್ಕು ವರ್ಷದ ಮಗಳು, ನೀವು ಕೆಲಸ ಬಿಟ್ಟು ಜೊತೆಗೆ ಹೊರಟಿದ್ದೀರಿ. ಮಗಳಿಗೆ ಇಂಟರ್‌ನ್ಯಾಷನಲ್ ಶಾಲೆಯೋ ಅಲ್ಲಿಯದೇ ಶಾಲೆಯೋ, ಮಾಂಸ ತಿನ್ನದವರಿಗೆ ಊಟದ ಗತಿ ಏನು ಅಂತ ಕೇಳಿದ್ದೀರಿ. ಇದೇ ಎರಡು ಚಿಂತೆ ತಲೆಯಲ್ಲಿಟ್ಟುಕೊಂಡು 2017ರ ಆಗಸ್ಟಿನಲ್ಲಿ ಧಾರವಾಡದಿಂದ ಅದೇ ಸುಝೌಗೆ ಹೋದವಳು ನಾನು. ಮಗನಿಗೆ ಆಗ ಮೂರು ವರ್ಷ.

ಬೇಜಾರು ಮಾಡಿಕೊಳ್ಳಬೇಡಿ, ನೀವು ಕೇಳಬೇಕಾದ್ದು ಇವೆರಡೂ ಅಲ್ಲ. ಆ ಊರಲ್ಲಿ ನಿಮ್ಮ ಸ್ವಂತ ಹೆಸರಲ್ಲಿ ಏನೇನು ಇರುತ್ತದೆ ಅಂತ ಕೇಳಿ. ಯಾಕೆ ಅಂತ ಹೇಳುತ್ತೇನೆ. ಉದ್ದ ಆಗುತ್ತದೆ, ಆದರೂ ಓದಿ.

ಇಳಿದ ವಾರದಲ್ಲೇ ನಮ್ಮನೆಯವರು ಎರಡು ಸಿಮ್ ತಂದರು. ಎರಡೂ ಅವರ ಪಾಸ್‌ಪೋರ್ಟಿನ ಮೇಲೆ. ಸಂಬಳಕ್ಕೆ ಅಂತ ತೆಗೆದ ಬ್ಯಾಂಕ್ ಖಾತೆ ಅವರದು. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಟ್ಯಾಕ್ಸಿ ಆ್ಯಪ್ ಎಲ್ಲ ಅವರದೇ. ವೀಚಾಟ್ ಅಂದರೆ ಅಲ್ಲಿ ಮಾತುಕತೆಗೂ ದುಡ್ಡು ಕಟ್ಟಲೂ ಎಲ್ಲರೂ ಬಳಸುವ ಆ್ಯಪ್; ನನ್ನ ಫೋನಿನ ವೀಚಾಟ್‌ಗೂ ಅವರ ಕಾರ್ಡನ್ನೇ ಜೋಡಿಸಿಕೊಟ್ಟರು. ತರಕಾರಿಯಿಂದ ಹಿಡಿದು ಶಾಲೆ ಫೀಸಿನವರೆಗೆ ಎಲ್ಲ ದುಡ್ಡೂ ಆ ಫೋನಿನಲ್ಲೇ ಹೋಗುತ್ತಿತ್ತು. ಪರ್ಸಿನಲ್ಲಿ ನೋಟು ಇಡುವುದೇ ಮರೆತುಹೋಯಿತು. ನಿನ್ನದೂ ಒಂದು ಖಾತೆ ತೆಗೆಯೋಣ ಅಂತ ಅವರು ಎರಡು ಸಲ ಹೇಳಿದ್ದರು. ಎರಡು ವರ್ಷಕ್ಕೆ ನನಗ್ಯಾಕೆ ಅಂತ ನಾನೇ ಬೇಡ ಅಂದೆ. ತಪ್ಪು ನನ್ನದೇ.

2018ರ ಕೊನೆಗೆ ಅವರ ಪಾಸ್‌ಪೋರ್ಟಿನ ಅವಧಿ ಮುಗಿಯುವುದಿತ್ತು. ಅಕ್ಟೋಬರಿನಲ್ಲೇ ಶಾಂಘೈನ ನಮ್ಮ ಕಾನ್ಸುಲೇಟಿಗೆ ಅರ್ಜಿ ಕೊಟ್ಟು ಹೊಸದು ಮಾಡಿಸಿದರು. ಪಾಸ್‌ಪೋರ್ಟ್ ನಂಬರ್ ಬದಲಾದರೆ ಅಲ್ಲಿ ವಾಸದ ಪರವಾನಗಿಯನ್ನೂ ಹತ್ತು ದಿನದೊಳಗೆ ಬದಲಾಯಿಸಲು ಕೊಡಬೇಕು. ಕೊಟ್ಟರು. ಪೊಲೀಸ್ ಠಾಣೆಗೆ ಹೋಗಿ ವಿಳಾಸದ ಚೀಟಿಯನ್ನೂ ಹೊಸದು ಮಾಡಿಸಿದರು. ಕಂಪನಿಗೆ ಒಂದು ಜೆರಾಕ್ಸ್ ಕೊಟ್ಟರು. ಬ್ಯಾಂಕಿಗೆ ಮಾತ್ರ ಹೋಗಲಿಲ್ಲ. ಕಾರ್ಡು ನಡೆಯುತ್ತಲೇ ಇತ್ತಲ್ಲ, ಇಬ್ಬರಿಗೂ ಹೊಳೆಯಲಿಲ್ಲ. ಆದರೆ ಬ್ಯಾಂಕಿನ ಲೆಕ್ಕದಲ್ಲಿ ಇದ್ದದ್ದು ಹಳೆಯ ಪಾಸ್‌ಪೋರ್ಟು ಮತ್ತು ಅದರ ಕೊನೆಯ ದಿನಾಂಕ. ಹೊಸದು ಬಂದಿದೆ ಅಂತ ನಾವಾಗಿ ಹೋಗಿ ತೋರಿಸದೆ ಅವರಿಗೆ ಹೇಗೆ ಗೊತ್ತಾಗಬೇಕು? ಡಿಸೆಂಬರಿನಲ್ಲಿ ಆ ದಿನಾಂಕ ದಾಟಿತು. ಖಾತೆ ನಿಂತಿತು. ಒಂದು ಖಾತೆಗೆ ಇಡೀ ಮನೆಯನ್ನು ನೇತುಹಾಕಿದ್ದೆವು. ಅದು ನಿಂತ ಕೂಡಲೇ ಇಬ್ಬರ ಫೋನಿನ ದುಡ್ಡೂ ಒಟ್ಟಿಗೇ ನಿಂತಿತು.

ಅದು ಗೊತ್ತಾಗಿದ್ದು ರಾತ್ರಿ ಹನ್ನೊಂದೂವರೆಗೆ. ನಮ್ಮನೆಯವರು ಕಂಪನಿ ಕೆಲಸಕ್ಕೆ ಜರ್ಮನಿಗೆ ಹೊರಟು ವಿಮಾನದಲ್ಲಿದ್ದರು, ಫೋನ್ ಆಫ್. ಮಗನಿಗೆ 40 ಡಿಗ್ರಿ ಜ್ವರ. ಸುಝೌ ಚಳಿ ನಿಮಗೆ ಗೊತ್ತಿರಲಿ: ಉತ್ತರದ ಊರುಗಳ ಹಾಗೆ ಅಲ್ಲಿ ಮನೆಮನೆಗೆ ಬಿಸಿನೀರಿನ ಪೈಪಿನ ಶಾಖ ಬರುವುದಿಲ್ಲ, ಮನೆಯೊಳಗೇ ಹಲ್ಲು ಕಟಕಟ ಅನ್ನುತ್ತದೆ. ಟ್ಯಾಕ್ಸಿ ಕರೆಯಲು ಹೋದರೆ ದುಡ್ಡು ಕಟ್ಟಲಾಗುತ್ತಿಲ್ಲ ಅಂತ ಬಂತು. ವೀಚಾಟ್ ತೆರೆದೆ, ಅಲ್ಲೂ ಅದೇ. ಡಬ್ಬಿ ಹುಡುಕಿದರೆ ಮೂವತ್ತು ಯುವಾನ್, ಊರಿಂದ ತಂದ ಐನೂರರ ಎರಡು ನೋಟು.

ಎದುರು ಮನೆಯ ಬಾಗಿಲು ಬಡಿದೆ. ಮೊಮ್ಮಗನನ್ನು ನೋಡಿಕೊಳ್ಳಲು ಹಳ್ಳಿಯಿಂದ ಬಂದಿದ್ದ ಅಜ್ಜಿ ಅಲ್ಲಿದ್ದರು. ಅವರ ಮೊಮ್ಮಗನೂ ನನ್ನ ಮಗನೂ ಒಂದೇ ಶಿಶುವಿಹಾರ. ಒಂದು ವರ್ಷ ಲಿಫ್ಟಿನಲ್ಲಿ ನಕ್ಕು ತಲೆ ಆಡಿಸಿದ್ದು ಬಿಟ್ಟರೆ ನಾನು ಅವರನ್ನು ಮಾತಾಡಿಸಿರಲಿಲ್ಲ. ಅವರು ಮಗುವಿನ ಹಣೆ ಮುಟ್ಟಿದರು, ಹೂವಿನ ಚಿತ್ರದ ದಪ್ಪ ರಾತ್ರಿ ಉಡುಪಿನಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್.

ಅಲ್ಲಿನ ಆಸ್ಪತ್ರೆಯಲ್ಲಿ ಪ್ರತಿ ಹೆಜ್ಜೆಗೂ ಮೊದಲು ದುಡ್ಡು. ಚೀಟಿ ಮಾಡಿಸಲು ಒಂದು ಸಲ, ಬೆರಳಿನ ರಕ್ತ ಪರೀಕ್ಷೆಗೆ ಒಂದು ಸಲ, ಔಷಧಿಗೆ ಒಂದು ಸಲ. ಪ್ರತಿ ಸಲವೂ ಅಜ್ಜಿ ಕನ್ನಡಕ ಹಣೆಗೇರಿಸಿ ಫೋನನ್ನು ಕಣ್ಣ ಹತ್ತಿರ ಹಿಡಿದು ಕಟ್ಟಿದರು. ನಡುನಡುವೆ ನನಗೆ ಬೈದರು. ಮಗುವಿಗೆ ಬಟ್ಟೆ ಸಾಲದು, ಕಾಲಿಗೆ ಸಾಕ್ಸ್ ಇಲ್ಲ, ಬಿಸಿನೀರು ಕುಡಿಸಿಲ್ಲ. ನನ್ನ ಅಮ್ಮ ಅಲ್ಲಿದ್ದಿದ್ದರೆ ಇವೇ ಮೂರು ಮಾತು ಬೈಯುತ್ತಿದ್ದರು. ಬೆಳಗಿನ ಜಾವ ಮೂರಕ್ಕೆ ಮನೆಗೆ ಬಂದೆವು.

ಆಮೇಲೆ ಹದಿನೈದು ದಿನದಲ್ಲಿ ನನ್ನ ಹೆಸರಲ್ಲಿ ಸಿಮ್, ಆಮೇಲೆ ಖಾತೆ, ಆಮೇಲೆ ವೀಚಾಟ್ ಎಲ್ಲ ಆಯಿತು. ಬ್ಯಾಂಕಿನವರು ಪಾಸ್‌ಪೋರ್ಟ್, ಪೊಲೀಸ್ ಠಾಣೆಯ ವಿಳಾಸದ ಚೀಟಿ, ನಮ್ಮ ಪ್ಯಾನ್ ನಂಬರ್ ಕೇಳಿದರು. ಒಂದು ಬೆಳಗಿನ ಕೆಲಸ, ಅಷ್ಟೇ. ಅದಕ್ಕೇ ಹೇಳುತ್ತಿದ್ದೇನೆ: ಹೋಟೆಲ್ ಬಿಟ್ಟು ಮನೆಯಲ್ಲಿ ಇಳಿದ 24 ಗಂಟೆಯೊಳಗೆ ಠಾಣೆಯಲ್ಲಿ ಹೆಸರು ಬರೆಸಬೇಕು, ನಿಮ್ಮ ಮತ್ತು ಮಗಳ ಚೀಟಿಯನ್ನು ನೀವೇ ನಿಂತು ಮಾಡಿಸಿ. ಮನೆ ಬದಲಾದರೆ ಮತ್ತೆ ಮಾಡಿಸಿ. ನಿಮ್ಮ ವಾಸದ ಪರವಾನಗಿಗೆ ದೇಶದೊಳಗೆ ಬಂದ ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. ಈಗ ಹೊರದೇಶದ ಕಾರ್ಡನ್ನೂ ವೀಚಾಟ್‌ಗೆ, ದುಡ್ಡು ಕಟ್ಟುವ ಇನ್ನೊಂದು ಆ್ಯಪ್ ಅಲಿಪೇಗೆ ಜೋಡಿಸಬಹುದು. ಇದ್ದರೂ ಅಲ್ಲಿಯದೇ ಖಾತೆ ಒಂದು ಇರಲಿ. ಐನೂರು ಯುವಾನ್ ಆಗುವಷ್ಟು ನೋಟುಗಳು ಮನೆಯಲ್ಲಿ ಇರಲೇಬೇಕು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉದ್ದಿನಬೇಳೆ, ಸಾಂಬಾರ್ ಪುಡಿ ಊರಿಂದ ಒಯ್ಯಿರಿ. ಬೇಸಿಗೆಯಲ್ಲಿ ಅಲ್ಲಿನ ಸಂತೆಯಲ್ಲಿ ಕೆಂಪು ರಾಜಗಿರಿ ಸೊಪ್ಪು ಕಟ್ಟುಕಟ್ಟಾಗಿ ಬರುತ್ತದೆ, ನಮ್ಮದೇ ರಾಜಗಿರಿ, ಮೊದಲ ಸಲ ನೋಡಿದಾಗ ನನಗೆ ಕಣ್ಣಲ್ಲಿ ನೀರು ಬಂತು. ತುಪ್ಪದ ಹೀರೇಕಾಯಿ, ಹಾಗಲಕಾಯಿ, ಕೊತ್ತಂಬರಿ ಎಲ್ಲ ಉಂಟು. ಹೊರಗೆ ತಿನ್ನುವಾಗ ಹುಷಾರು, ಬರೀ ತರಕಾರಿ ಕಂಡರೂ ಸಾರು ಮೂಳೆಯದ್ದಿರಬಹುದು.

ಶಾಲೆ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಾಲ್ಕು ವರ್ಷದ ಮಗುವಿಗೆ ಅಷ್ಟೊಂದು ದುಡ್ಡು ಸುರಿದು ಇಂಟರ್‌ನ್ಯಾಷನಲ್ ಶಾಲೆ ಬೇಡ. ವಿದೇಶಿ ಮಕ್ಕಳನ್ನು ತೆಗೆದುಕೊಳ್ಳುವ ಅಲ್ಲಿಯದೇ ಶಿಶುವಿಹಾರಕ್ಕೆ ಹಾಕಿ. ಮಧ್ಯಾಹ್ನದ ಊಟಕ್ಕೆ ಟೀಚರ್ ಹತ್ತಿರ ಮೊದಲೇ ಮಾತಾಡಿ. ಊಟ ಆದ ಮೇಲೆ ಎಲ್ಲ ಮಕ್ಕಳೂ ಮಲಗುತ್ತವೆ, ಪ್ರತಿ ಮಗುವಿಗೂ ಮನೆಯಿಂದ ಒಂದು ಪುಟ್ಟ ರಜಾಯಿ ಕೊಡಬೇಕು. ಪೋಷಕರ ವೀಚಾಟ್ ಗುಂಪಿನಲ್ಲಿ ಗಂಡ ಅಲ್ಲ, ನೀವೇ ಇರಿ. ಟೀಚರ್ ಏನು ಹಾಕಿದರೂ ಎಲ್ಲರೂ 'ಶೌದಾವ್' ಅಂತ ಬರೆಯುತ್ತಾರೆ, ತಲುಪಿತು ಅಂತ. ನೀವೂ ಬರೆಯಿರಿ. ನಾಲ್ಕು ಗಂಟೆಗೆ ಗೇಟಿನ ಹತ್ತಿರ ಅಜ್ಜಿ ತಾತಂದಿರ ಗುಂಪು ಸೇರುತ್ತದೆ. ನಾನು ಚೀನೀ ಕಲಿತದ್ದು ಆ ಗೇಟಿನಲ್ಲಿ. ಅಲ್ಲಿ ಮಕ್ಕಳು ಅಮ್ಮನ ವಯಸ್ಸಿನ ಹೆಂಗಸರನ್ನೆಲ್ಲ 'ಆಯಿ' ಅನ್ನುತ್ತವೆ. ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಎದುರು ಮನೆಯ ಅಜ್ಜಿಯನ್ನು ಎಲ್ಲರೂ 'ನೈನೈ' (ಚೀನೀಯಲ್ಲಿ ಅಜ್ಜಿ) ಅಂದರೂ ನನ್ನ ಮಗ ಮಾತ್ರ ಆಯಿ ಅಂತಲೇ ಕರೆದ. ಅವರು ಓಗೊಡುತ್ತಿದ್ದರು.

2020ರಲ್ಲಿ ಅಲ್ಲಿನ ಹೊಸ ವರ್ಷ ಜನವರಿ 25ಕ್ಕೆ ಇತ್ತು. ರಜೆಗೆ ಅಂತ ನಾನೂ ಮಗನೂ ಮೂರು ವಾರಕ್ಕೆ ಧಾರವಾಡಕ್ಕೆ ಬಂದೆವು. ಅಷ್ಟರಲ್ಲಿ ಕೊರೊನಾ ಬಂತು, ಮಾರ್ಚ್ 28ರಿಂದ ಪರವಾನಗಿ ಇದ್ದ ವಿದೇಶಿಯರಿಗೂ ಚೀನಾ ಬಾಗಿಲು ಹಾಕಿತು. ಜೂನ್ 29ಕ್ಕೆ ನಮ್ಮ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಲ್ಲಿಸಿತು, ವೀಚಾಟ್ ಕೂಡ ಅದರಲ್ಲಿತ್ತು. ನೈನೈ ನನಗೆ ಸಿಗುತ್ತಿದ್ದದ್ದು ಅದೊಂದರಲ್ಲೇ.

ಡಿಸೆಂಬರಿನಲ್ಲಿ ನಮ್ಮನೆಯವರು ಎರಡು ಸೂಟ್‌ಕೇಸ್ ಹಿಡಿದು ಬಂದರು. ಒಂದರ ತುಂಬಾ ಮಗನ ರಜಾಯಿ. ನೈನೈ ಶಿಶುವಿಹಾರದಿಂದ ತಂದು, ಒಗೆದು, ಬಿಸಿಲಿಗೆ ಹಾಕಿ, ಮಡಿಸಿ ಕೊಟ್ಟಿದ್ದರಂತೆ. ಮೂಲೆಯಲ್ಲಿ ಟೀಚರ್ ಇಟ್ಟ ಅವನ ಚೀನೀ ಹೆಸರು, ಕೆಂಪು ದಾರದಲ್ಲಿ, ಅವರೇ ಹೊಲಿದದ್ದು. ಅವರ ಫೋನ್ ನಂಬರ್ ಕೇಳಿದೆಯಾ ಅಂದೆ. ಇಲ್ಲ, ವೀಚಾಟ್ ಇದೆಯಲ್ಲ ಅಂದುಕೊಂಡೆ ಅಂದರು.

ಎದುರು ಮನೆಯವರ ನಂಬರನ್ನು ಒಂದು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.