ಕ್ಷಯದ ಮಾತ್ರೆ ಅರ್ಧಕ್ಕೇ ಬಿಟ್ಟ ರೋಗಿಯ ಕಷ್ಟ ತಿಳಿಯೋದು ಹೇಗೆ?

ಯಾದಗಿರಿಯಲ್ಲಿ ಹೊಸದಾಗಿ ನರ್ಸ್ ಆಗಿದ್ದೀರಿ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. "ಯಾಕೆ ಬಿಟ್ರಿ?" ಅನ್ನಬೇಡಿ, ಬೈದ ಹಾಗಾಗುತ್ತದೆ. "ಗುಳಿಗಿ ತಗೊಂಡ ಮ್ಯಾಲ ಹೆಂಗ ಅನಸ್ತದ್ರಿ?" ಎಂದು ಕೇಳಿ, ಅವರು ಮುಗಿಸುವ ತನಕ ನಡುವೆ ಮಾತಾಡಬೇಡಿ. ನನ್ನ ಪ್ರಕಾರ ಇದೇ ಅರ್ಧ ಕೆಲಸ.

ಕ್ಷಯದ ಮಾತ್ರೆಯಲ್ಲಿರುವ ಔಷಧಿ ರಿಫಾಂಪಿಸಿನ್‌ನಿಂದ ಮೂತ್ರ ಕೆಂಪು-ಕಿತ್ತಳೆ ಆಗುತ್ತದೆ. ಅದರಿಂದ ತೊಂದರೆಯಿಲ್ಲ, ಆದರೆ ಮೊದಲೇ ಹೇಳದಿದ್ದರೆ ರಕ್ತ ಅಂತ ಯಾರಾದರೂ ಹೆದರುತ್ತಾರೆ, ಅಲ್ವಾ? ಕೆಲವರಿಗೆ ಹೊಟ್ಟೆ ತೊಳಸುತ್ತದೆ. ತೊಗರಿ ಹೊಲದ ಬಿಸಿಲಲ್ಲಿ ನಿಲ್ಲಲಾಗದೆ ಕೂಲಿ ತಪ್ಪುತ್ತದೆ. ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. ಅಷ್ಟರಲ್ಲಿ ಮನೆಮಂದಿ ಬೆಂಗಳೂರಿಗೋ ಪುಣೆಗೋ ದುಡಿಯಲು ಹೊರಟಿರುತ್ತಾರೆ. ಹಾಗಿದ್ದರೆ ಚಿಕಿತ್ಸೆಯನ್ನು ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ವರ್ಗ ಮಾಡಿಸಿಕೊಡಿ. ಪೌಷ್ಟಿಕ ಊಟಕ್ಕೆಂದು ಸರ್ಕಾರ ಕೊಡುವ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತಿದೆಯಾ, ಅದನ್ನೂ ವಿಚಾರಿಸಿ.