ಆಫ್ರಿಕಾದಲ್ಲಿ ಆನೆಗಳನ್ನು ತೀರಾ ಹತ್ತಿರದಿಂದ ನೋಡಲು ಎಲ್ಲಿಗೆ ಹೋಗಬೇಕು? ಅಪಾಯ ಇಲ್ವಾ?

ಆನೆ ನೋಡೋದಕ್ಕೇ ಅಷ್ಟು ದೂರ ಹೋಗುವುದಾದರೆ ನನ್ನ ಓಟು ಬೋಟ್ಸ್ವಾನಾದ ಚೋಬೆ ನ್ಯಾಷನಲ್ ಪಾರ್ಕ್‌ಗೆ. ಪ್ರಪಂಚದಲ್ಲೇ ಅತಿ ಹೆಚ್ಚು ಆನೆಗಳಿರುವ ದೇಶ ಅದು, ಸುಮಾರು 1,30,000. ಮಳೆ ನಿಂತು ಕಾಡೊಳಗಿನ ಹೊಂಡಗಳು ಬತ್ತಿದ ಮೇಲೆ ಹಿಂಡುಗಳೆಲ್ಲ ಚೋಬೆ ನದಿಗೆ ಇಳಿಯುತ್ತವೆ. ಹಾಗಾಗಿ ಆಗಸ್ಟ್‌ನಿಂದ ಅಕ್ಟೋಬರ್ ಒಳ್ಳೆಯ ಸಮಯ. ಅಕ್ಟೋಬರ್ ಬಿಸಿಲು ಮಾತ್ರ ಜೋರು.

ಜೀಪಿಗಿಂತ ದೋಣಿ ಸಫಾರಿ ವಾಸಿ. ಕಸಾನೆ ಊರಿನಿಂದ ಹೊರಡುತ್ತದೆ, ಮಧ್ಯಾಹ್ನದ ಮೇಲಿನದ್ದನ್ನೇ ಕೇಳಿ. ದಡದ ಹತ್ತಿರ ಎಂಜಿನ್ ಆಫ್ ಮಾಡಿ ಸುಮ್ನೆ ಕೂತರೆ ಸಾಕು. ಆನೆ ಸೊಂಡಿಲಿಗೆ ಹುಲ್ಲು ಸುತ್ತಿ ಕಿತ್ತು, ಬೇರಿನ ಮಣ್ಣು ಹೋಗುವ ತನಕ ನೀರಿಗೆ ಪಟಪಟ ಬಡಿದು, ಆಮೇಲೆ ಬಾಯಿಗಿಡುವುದು ಕಾಣುತ್ತದೆ, ಕೇಳಿಸುತ್ತದೆ ಕೂಡ. ನದಿ ದಾಟುವಾಗ ಮರಿಗಳು ದೊಡ್ಡವುಗಳ ನಡುವೆ ಈಜುತ್ತವೆ, ಆಳ ಇದ್ದ ಕಡೆ ಸೊಂಡಿಲಿನ ತುದಿಯಷ್ಟೇ ಮೇಲೆ. ಕಬಿನಿಯಲ್ಲಿ ಆನೆ ನೋಡಿದವರಿಗೆ ಒಂದು ವ್ಯತ್ಯಾಸ ತಕ್ಷಣ ಕಣ್ಣಿಗೆ ಬೀಳುತ್ತದೆ: ಆಫ್ರಿಕಾದಲ್ಲಿ ಹೆಣ್ಣಾನೆಗಳಿಗೂ ದಂತ ಇರುತ್ತದೆ.

ಅಪಾಯ ಇದ್ದೇ ಇದೆ, ಕಾಡಾನೆ ಅಲ್ವಾ? ಕಿವಿ ಅಗಲಿಸಿ, ತಲೆ ಎತ್ತಿ ನಿಮ್ಮನ್ನೇ ನೋಡಿತೆಂದರೆ ಹಿಂದೆ ಸರಿಯಿರಿ ಎಂದರ್ಥ. ಮರಿ ಜೊತೆಗಿರುವ ತಾಯಿಯ ಹತ್ತಿರ ಹೋಗುವಂತೆ ಗೈಡ್‌ಗೆ ಒತ್ತಾಯ ಮಾಡಬೇಡಿ. ಮದವೇರಿದ ಸಲಗ ಇನ್ನೂ ಜಾಸ್ತಿ ಅಪಾಯ. ಕೆನ್ನೆ ಒದ್ದೆಯಾಗಿರುವುದನ್ನು ಮಾತ್ರ ನೋಡಿ ಮದ ಎನ್ನಲಾಗದು, ಆಫ್ರಿಕಾದಲ್ಲಿ ಹೆಣ್ಣಾನೆಗಳಿಗೂ ಹಾಗಾಗುತ್ತದೆ. ಗಂಡಾನೆ ಮೂತ್ರ ತೊಟ್ಟಿಕ್ಕಿಸುತ್ತಾ ನಡೆಯುತ್ತಿದ್ದರೆ ಗೈಡ್‌ಗಳೇ ಗಾಡಿ ತಿರುಗಿಸುತ್ತಾರೆ.