ನಾಲ್ಕು ಗಂಟೆಯ ಚಾಕೊಲೇಟ್

ಪ್ರಶ್ನೆ: ಮೇಡಂ, ದಿನಾ ಸಂಜೆ ನಾಲ್ಕರ ಹೊತ್ತಿಗೆ ಆಫೀಸಿನಲ್ಲಿ ಕಣ್ಣು ಎಳೆಯುತ್ತದೆ. ಒಂದು ಮಿಲ್ಕ್ ಚಾಕೊಲೇಟ್ ತಿಂದರೆ ಮನಸ್ಸು ಗೆಲುವಾಗುತ್ತದೆ. ಮುಕ್ಕಾಲು ಗಂಟೆಯಲ್ಲಿ ಮತ್ತೆ ಸುಸ್ತು, ಜೊತೆಗೆ ಸಿಡುಕು. ಚಾಕೊಲೇಟಿನಲ್ಲಿ ಖುಷಿಯ ರಾಸಾಯನಿಕ ಇದೆ ಅಂತಾರಲ್ಲ, ಮತ್ತೆ ನನಗೇಕೆ ಹೀಗೆ?

ಉತ್ತರ: ಆ ರಾಸಾಯನಿಕದ ಹೆಸರು ಫಿನೈಲ್‌ಈಥೈಲಮೀನ್. ಚಾಕೊಲೇಟಿನಲ್ಲಿ ಅದು ಇರುವುದು ನಿಜ. ಆದರೆ ಮಿದುಳು ಮುಟ್ಟುವ ಮೊದಲೇ ದೇಹದ ಕಿಣ್ವಗಳು ಅದರ ಬಹುಪಾಲನ್ನು ಒಡೆದುಹಾಕುತ್ತವೆ. ಜಾಹೀರಾತಿಗೆ ಚೆಂದ, ಅಷ್ಟೇ.

ಹಾಗಾದರೆ ಗೆಲುವು ಎಲ್ಲಿಂದ ಬಂತು? ನನ್ನ ಕೇಳಿದರೆ, ಬಾಯಿಂದ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಚಾಕೊಲೇಟ್ ಬೇಕೇ ಬೇಕು ಅನ್ನಿಸಿದವರಿಗೆ ಒಮ್ಮೆ ಚಾಕೊಲೇಟ್, ಒಮ್ಮೆ ಬಿಳಿ ಚಾಕೊಲೇಟ್, ಇನ್ನೊಮ್ಮೆ ಕೋಕೋ ಪುಡಿಯ ಕ್ಯಾಪ್ಸೂಲ್ ಕೊಟ್ಟರು. ಕ್ಯಾಪ್ಸೂಲಿನಿಂದ ಆಸೆ ತೀರಲಿಲ್ಲ. ಕೋಕೋ ಪುಡಿಯೇ ಇಲ್ಲದ ಬಿಳಿ ಚಾಕೊಲೇಟ್ ತಕ್ಕಮಟ್ಟಿಗೆ ತೀರಿಸಿತು! ಎರಡೂ ಚಾಕೊಲೇಟಿನಲ್ಲಿರುವ ಕೊಬ್ಬು, ಅಂದರೆ ಕೋಕೋ ಬೆಣ್ಣೆ, ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ, ನಮ್ಮ ಮೈಬಿಸಿಗಿಂತ ಸ್ವಲ್ಪ ಕೆಳಗೆ. ಅದಕ್ಕೇ ನಾಲಿಗೆ ಮೇಲೆ ಅಷ್ಟು ನುಣ್ಣಗೆ ಹರಡುವುದು. ಗಬಗಬನೆ ಅಗಿದು ನುಂಗುವವರಿಗೆ ಅರ್ಧ ಖುಷಿ ಸುಮ್ನೆ ದಂಡ.

ಇನ್ನು ಸುಸ್ತು. ಮಿಲ್ಕ್ ಚಾಕೊಲೇಟಿನಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆಯೇ. ಸಕ್ಕರೆ ತಿಂದರೆ ಚುರುಕು ಬರುತ್ತದೆ ಅಂತ ಎಲ್ಲರೂ ನಂಬಿದ್ದೇವೆ, ಅಲ್ವಾ? 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು ಉಲ್ಟಾ. ಅರ್ಧ ಗಂಟೆಯೊಳಗೆ ದಣಿವು ಜಾಸ್ತಿ, ಒಂದು ಗಂಟೆಯೊಳಗೆ ಚುರುಕು ಕಡಿಮೆ. ನಿಮ್ಮ ಮುಕ್ಕಾಲು ಗಂಟೆಯ ಲೆಕ್ಕ ಅದಕ್ಕೆ ಸರಿಯಾಗಿಯೇ ಇದೆ.

ಶೇ. 70ರಷ್ಟು ಕೋಕೋ ಇರುವ ಡಾರ್ಕ್ ಚಾಕೊಲೇಟಿನಲ್ಲಿ ಸಕ್ಕರೆ ಕಡಿಮೆ. 30 ಗ್ರಾಂನಲ್ಲಿ ಸುಮಾರು 25 ಮಿಲಿಗ್ರಾಂ ಕೆಫೀನ್ ಇರುತ್ತದೆ, ಒಂದು ಕಪ್ ಕಾಫಿಯ ಕಾಲು ಭಾಗದಷ್ಟು. ಜೊತೆಗಿರುವ, ಕೆಫೀನ್ ಜಾತಿಯದೇ ಆದ ಥಿಯೋಬ್ರೊಮಿನ್ ಅದಕ್ಕಿಂತ ಎಷ್ಟೋ ಜಾಸ್ತಿ, ಆದರೆ ಅದರ ಪ್ರಭಾವ ಮೆಲ್ಲಗಿನದು. ಮನೆಯಲ್ಲಿ ನಾಯಿ ಇದ್ದರೆ ಎಚ್ಚರ, ಅದಕ್ಕೆ ಇದೇ ಥಿಯೋಬ್ರೊಮಿನ್ ವಿಷ.

ಹಸಿದ ಹೊಟ್ಟೆಗೆ ಇಡೀ ಬಾರ್ ಬೇಡ. ಊಟವಾದ ಮೇಲೆ ಎರಡು ತುಂಡು ಡಾರ್ಕ್ ಬಾಯಲ್ಲಿಟ್ಟು ಕರಗಲು ಬಿಡಿ. ನಾಲ್ಕು ಗಂಟೆಗೆ ಎದ್ದು ಸ್ವಲ್ಪ ಓಡಾಡಿ. ಚೆನ್ನಾಗಿ ನಿದ್ದೆ ಮಾಡಿಯೂ ದಿನಾ ಹೀಗೇ ಸುಸ್ತಾದರೆ ಡಾಕ್ಟರ್ ಬಳಿ ಹೋಗಿ, ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಎಷ್ಟಿದೆ ಅಂತ ನೋಡಿಸಿ.